ಹನ್ನೆರಡು ಮನೆಯ ಸಾಕ್ಷಿ

ನಿಜ ಹೇಳುವವನು ಒಂದೇ ಸಂಗತಿಯನ್ನು ಎರಡು ಸಲ ಒಂದೇ ಥರ ಹೇಳುವುದಿಲ್ಲ. ಇಪ್ಪತ್ತಾರು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿ ಕುಳಿತ ಮೇಲೆ ಆಕೆಗೆ ಖಚಿತವಾಗಿ ಗೊತ್ತಿರುವುದು ಇದೊಂದೇ. ಬೆಳಿಗ್ಗೆ 'ಗೇಟಿನ ಹತ್ತಿರ ನಿಂತಿದ್ದೆ' ಅಂದವನು ಮಧ್ಯಾಹ್ನ 'ಗೇಟಿಗೆ ಒರಗಿಕೊಂಡಿದ್ದೆ' ಅನ್ನುತ್ತಾನೆ. ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಪೆನ್ಸಿಲ್ ಓಡಿಸುತ್ತಲೇ ಆಕೆ ಮನಸ್ಸಿನಲ್ಲಿ ಅವನನ್ನು ನಂಬುತ್ತಾಳೆ. ಎರಡು ಸಲವೂ 'ಗೇಟಿನ ಹತ್ತಿರ, ಎಡಗೈಯಲ್ಲಿ ಚೀಲ ಹಿಡಿದು ನಿಂತಿದ್ದೆ' ಎಂದು ಚೀಲವನ್ನೂ ಬಿಡದೆ ಒಪ್ಪಿಸುವವನನ್ನು ನಂಬುವುದಿಲ್ಲ. ಅಂಥವನಿಗೆ ಆಕೆ ಇಟ್ಟಿರುವ ಹೆಸರು: ಕಲಿತು ಬಂದ ಸಾಕ್ಷಿ.

ಆ ಹೆಸರನ್ನು ನ್ಯಾಯಾಲಯದ ಹೊರಗೆ ಒಬ್ಬರ ಮೇಲೆ ಹಾಕಿದ್ದು ಒಂದೇ ಸಲ. ಅದೂ ಸಂಗೀತ ಕಲಿಸಿದ ಮೇಷ್ಟ್ರ ಮೇಲೆ.

ಆಕೆ ಕ್ಲಾರಿನೆಟ್ ಹಿಡಿದದ್ದು ಸಂಗೀತದ ಮೋಹದಿಂದಲ್ಲ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನ್ಯುಮೋನಿಯಾ ಬಂದು ಹೋಯಿತು. ಎದೆಗೆ ಬಲ ಬರಲು ದಿನಾ ಹತ್ತು ಬಲೂನು ಊದಿ ಎಂದರು ಡಾಕ್ಟರು. ಮೂರನೆಯ ವಾರಕ್ಕೆ ಮನೆತುಂಬ ಬಲೂನು. "ಯಾರದ್ದು ಹುಟ್ಟುಹಬ್ಬ ಅಂತ ಪಕ್ಕದ ಮನೆಯೋರು ಕೇಳ್ತಿದ್ದಾರೆ. ನಂದೇ ಅನ್ನಲಾ?" ಎಂದರು ಅತ್ತೆ. ಅಟ್ಟದ ಮೇಲೆ ತವರಿನಿಂದ ಬಂದ ಪೆಟ್ಟಿಗೆಯಲ್ಲಿ ಅಣ್ಣ ಶಾಲೆಯ ಬ್ಯಾಂಡಿನಲ್ಲಿ ಊದುತ್ತಿದ್ದ ಕ್ಲಾರಿನೆಟ್ ಇತ್ತು. ಊದುವುದೇ ಆದರೆ ಒಡೆಯದ್ದನ್ನು ಊದೋಣ ಎಂದು ಆಕೆ ಅದನ್ನು ಇಳಿಸಿದಳು. ಲಿಫ್ಟ್ ಮೆಕ್ಯಾನಿಕ್ ಆದ ಗಂಡ ಅದರ ಕೀಲಿಗಳಿಗೆ ಎಣ್ಣೆ ಹಾಕಿಕೊಟ್ಟು, "ಮೇಲೆ ಹೋಗೋಕೆ ಇಷ್ಟೊಂದು ಗುಂಡಿ ಬೇಕಾ?" ಎಂದ. ಅಲ್ಲಿಗೆ ಅವನ ಸಂಗೀತ ವಿಮರ್ಶೆ ಮುಗಿಯಿತು.

ಹೊಸ ಕನ್ನಡಕಕ್ಕೆಂದು ಅತ್ತೆಯನ್ನು ಕರೆದುಕೊಂಡು ಹೋದ ಅಂಗಡಿಯಲ್ಲಿ ಮೇಷ್ಟ್ರು ಸಿಕ್ಕರು. ಅಂಗಡಿ ಅವರದ್ದೇ. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಗಳು, ಅದರ ಪಕ್ಕ ಮೊಳೆಗೆ ತೂಗುಹಾಕಿದ ಸ್ಯಾಕ್ಸೋಫೋನು. ಹಿಂದೆ ಹಡಗುಗಳಲ್ಲಿ, ಹೋಟೆಲುಗಳಲ್ಲಿ ಜಾಝ್ ನುಡಿಸಿದವರು. ಆಕೆ ಕ್ಲಾರಿನೆಟ್ಟಿನ ಮಾತೆತ್ತಿದಾಗ, ಈಗ ಭಾನುವಾರ ಮಧ್ಯಾಹ್ನ ಮೂರಕ್ಕೆ, ಡ್ರೈವಿಂಗ್ ಸ್ಕೂಲಿನ ಮಹಡಿಯಲ್ಲಿ ನಾಲ್ಕು ಜನ ಸೇರುತ್ತೇವೆ, ಬನ್ನಿ ಎಂದರು.

ಆ ಭಾನುವಾರ ಹಿಂದಿರುಗಿ ಬಂದಾಗ ಬಾಗಿಲಲ್ಲೇ ವಿಚಾರಣೆ ನಡೆಯಿತು.

"ಎಲ್ಲಿಗೆ ಹೋಗಿದ್ದೆ?"

"ಕ್ಲಾಸಿಗೆ ಅತ್ತೆ. ಹನ್ನೆರಡು ಬಾರ್ ಸುತ್ತಿಸಿದರು. ಎಂಟನೇದಕ್ಕೇ ದಾರಿ ತಪ್ಪಿದೆ."

ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. "ಎಂಟಕ್ಕೇ ದಾರಿ ತಪ್ಪಿತಾ? ಮನೆಗೆ ಹೇಗೆ ಬಂದೆ? ಎಲ್ಲಿ, ಬಾಯಿ ಊದು ನೋಡೋಣ."

ಬಾರ್ ಎಂದರೆ ನಾಲ್ಕು ತಾಳದ ಒಂದು ಅಳತೆ, ಬ್ಲೂಸ್ ಎಂಬ ಹಾಡಿನ ಬಗೆಯಲ್ಲಿ ಅಂಥ ಹನ್ನೆರಡು ಸೇರಿ ಒಂದು ಸುತ್ತು ಎಂದು ವಿವರಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. "ಹಾಗಾದರೆ ಮನೆ ಅನ್ನು. ನಾಲ್ಕು ಜನರೆದುರು ಬಾರ್ ಬಾರ್ ಅನ್ನಬೇಡ," ಎಂದು ಅತ್ತೆ ತೀರ್ಪು ಕೊಟ್ಟರು. ಮುಂದಿನ ವಾರ ಈ ಕತೆ ಕೇಳಿದ ಮಹಡಿಯ ನಾಲ್ವರೂ ನಕ್ಕು ನಕ್ಕು, ಅಂದಿನಿಂದ ಮನೆ ಎಂದೇ ಎಣಿಸತೊಡಗಿದರು.

ಆ ಮಹಡಿಯ ಗೋಡೆಗಳ ಮೇಲೆಲ್ಲ ಸಂಚಾರ ಫಲಕಗಳ ಚಿತ್ರ: ಮುಂದೆ ತಿರುವು, ನಿಧಾನ, ಹಿಂದಿರುಗುವಂತಿಲ್ಲ. ಸ್ಕೂಲಿನ ಒಡತಿ ಕೀಬೋರ್ಡ್ ನುಡಿಸುತ್ತಾರೆ. ಎಲ್ಲರಿಗೂ ಡ್ರೈವಿಂಗ್ ಮೇಡಂ. ಡಬಲ್ ಬೇಸ್ ಎಂಬ ಆಳೆತ್ತರದ ತಂತಿವಾದ್ಯ ತಬ್ಬಿಕೊಂಡು ಹಿಂದೆ ನಿಲ್ಲುವವನು ಎರಡು ಬೀದಿ ಆಚೆಯ ಕ್ಷೌರದಂಗಡಿಯವನು, ಅವನು ಬೇಸಣ್ಣ. ಮೇಡಂ ತಮ್ಮನದ್ದು ಡ್ರಮ್ಮು, ಮಾತು ಕಡಿಮೆ. ಈಕೆಯನ್ನು ಮೊದಲ ವಾರವೇ ಸ್ಟೆನೋಮ್ಮ ಎಂದು ಕರೆದರು, ಅದೇ ಉಳಿಯಿತು.

ಮೇಷ್ಟ್ರು ಕಲಿಸುವ ಕ್ರಮ ಸರಳವಾಗಿತ್ತು. ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿದರೆ ಒಂದು ಕಾರ್ಡ್. ಹನ್ನೆರಡು ಮನೆಯಲ್ಲಿ ಕಾರ್ಡುಗಳು ಬರುವ ಸರದಿ ಹೆಚ್ಚುಕಡಿಮೆ ಗೊತ್ತಿರುವ ದಾರಿ: ಮನೆಯಿಂದ ಹೊರಟು, ಐದನೆಯದರಲ್ಲಿ ನೆಂಟರ ಮನೆಗೆ ಹೋಗಿ, ಏಳನೆಯದರಲ್ಲಿ ಮನೆಗೆ ಬಂದು, ಒಂಬತ್ತರಲ್ಲಿ ದೂರ ಹೋಗಿ, ಹನ್ನೊಂದರಲ್ಲಿ ವಾಪಸ್ಸು. ಒಬ್ಬರು ಒಂಟಿಯಾಗಿ ನುಡಿಸುವಾಗ ಉಳಿದವರು ಹಿಂದೆ ನಾಲ್ಕೈದು ಸ್ವರದ ಒಂದು ಚಿಕ್ಕ ತುಣುಕನ್ನೇ ಮತ್ತೆ ಮತ್ತೆ ಊದುತ್ತಾರೆ, ಅದು ರಿಫ್. ಎಂಟು ತಿಂಗಳು ಆಕೆಗೆ ಸಿಕ್ಕಿದ್ದು ರಿಫ್ ಮಾತ್ರ.

"ಮೊದಲ ನಾಲ್ಕು ಮನೆಯಲ್ಲಿ ಒಂದು ಮಾತು ಕೇಳಿ," ಎನ್ನುತ್ತಿದ್ದರು ಮೇಷ್ಟ್ರು. "ಮುಂದಿನ ನಾಲ್ಕರಲ್ಲಿ ಅದನ್ನೇ ಸ್ವಲ್ಪ ತಿರುಗಿಸಿ ಕೇಳಿ. ಕೊನೇ ನಾಲ್ಕರಲ್ಲಿ ಉತ್ತರ ಕೊಡಿ. ಬರೆದದ್ದು ಬೇಡ. ಅಲ್ಲೇ ಹುಟ್ಟಬೇಕು."

"ನಮ್ಮ ಕೋರ್ಟಿನಲ್ಲೂ ಹೀಗೇ. ಪ್ರಶ್ನೆ, ಅದೇ ಪ್ರಶ್ನೆ, ಆಮೇಲೆ ಉತ್ತರ," ಎಂದಳು ಆಕೆ.

"ಹಾಗಾದರೆ ನಿಮಗೆ ಸುಲಭ."

ಸುಲಭವಾಗಲಿಲ್ಲ. ಬೇರೆಯವರ ಮಾತಿಗೆ ತನ್ನದೊಂದು ಅಕ್ಷರ ಸೇರಿಸಬಾರದೆಂಬುದೇ ಆಕೆಯ ಕಸುಬಿನ ಮೊದಲ ಪಾಠ. ಸಾಕ್ಷಿ ತೊದಲಿದರೆ ತೊದಲನ್ನೂ ಬರೆಯಬೇಕು. ಸ್ವಂತದ್ದು ಹೇಳಿ ಎಂದರೆ ಬಾಯಿ ಕಟ್ಟುತ್ತಿತ್ತು. ಆದರೂ ಚಳಿಗಾಲ ಮುಗಿಯುವ ಹೊತ್ತಿಗೆ ಆಕೆಗೆ ಒಂದು ಆಸೆ ಹುಟ್ಟಿತು. ಊರಿನ ಗ್ರಂಥಾಲಯಕ್ಕೆ ಐವತ್ತು ತುಂಬುವ ಭಾನುವಾರ ಸಂಜೆ ನಾಲ್ಕಕ್ಕೆ ಈ ತಂಡದ ಸಂಗೀತ ಕಛೇರಿ ಇತ್ತು. ಅಲ್ಲಿ ತನಗೆ ಎರಡು ಸುತ್ತು ಬೇಕು. ಇಪ್ಪತ್ತನಾಲ್ಕು ಮನೆ. ಜೀವಮಾನವಿಡೀ ಬೇರೆಯವರು ಹೇಳಿದ್ದನ್ನು ಬರೆದವಳು ಒಂದು ನಿಮಿಷವಾದರೂ ತಾನೇ ಏನಾದರೂ ಹೇಳಬೇಕು.

ಎರಡು ವಾರ ಕೂತು ಆ ಇಪ್ಪತ್ತನಾಲ್ಕು ಮನೆಗೂ ಸ್ವರ ಜೋಡಿಸಿ, ಬಾಯಿಪಾಠ ಮಾಡಿ, ಮಹಡಿಯಲ್ಲಿ ನುಡಿಸಿದಳು. ಎಂಟನೆಯ ಮನೆಯಲ್ಲಿ ಡ್ರೈವಿಂಗ್ ಮೇಡಂ ಎಂದಿನ ಕಾರ್ಡ್ ಬಿಟ್ಟು ಬೇರೆಯದನ್ನು ಒತ್ತಿದರು. ಸ್ಟೆನೋಮ್ಮನ ಸ್ವರ ಅದರ ಮೇಲೆ ಕಲ್ಲಿಗೆ ಚಕ್ರ ಹತ್ತಿದಂತೆ ಹತ್ತಿ ಇಳಿಯಿತು.

"ದಾರಿ ಅಗೆದಿದ್ದಾರೆ ಅಂದ್ಕೊಳ್ಳಿ, ಪಕ್ಕದ ಬೀದಿಯಿಂದ ಬನ್ನಿ," ಎಂದರು ಮೇಡಂ, ಕಲಿಕೆಯವರಿಗೆ ಹೇಳುವ ದನಿಯಲ್ಲೇ.

ಮೇಷ್ಟ್ರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. "ಬರ್ಕೊಂಡು ಬಂದದ್ದನ್ನ ಓದ್ತಿದ್ದೀರಿ, ಸ್ಟೆನೋಮ್ಮ. ಗ್ರಂಥಾಲಯದಲ್ಲಿ ನೀವು ರಿಫ್ ಊದಿ, ಸಾಕು."

ಆಕೆ ತಲೆಯಾಡಿಸಿದಳು. ಕ್ಲಾರಿನೆಟ್ಟನ್ನು ಬಿಚ್ಚಿ ಒರೆಸಿ ಪೆಟ್ಟಿಗೆಗಿಟ್ಟಳು. ಮೆಟ್ಟಿಲಿಳಿಯುವಾಗ ಅನುಮಾನ ಮೊಳೆಯಿತು. ಎಲ್ಲರೂ ಅಲ್ಲೇ ಹುಟ್ಟಿಸಿಯೇ ನುಡಿಸುತ್ತಾರೆಂಬುದಕ್ಕೆ ಯಾರು ಸಾಕ್ಷಿ?

ಮುಂದಿನ ಭಾನುವಾರದಿಂದ, ಮೇಷ್ಟ್ರು ಒಂಟಿಯಾಗಿ ನುಡಿಸುವಾಗ, ಆಕೆ ತೊಡೆಯ ಮೇಲೆ ಟಿಪ್ಪಣಿ ಪುಸ್ತಕ ಬಿಚ್ಚಿದಳು. ಶೀಘ್ರಲಿಪಿ ಅಕ್ಷರವನ್ನಲ್ಲ, ಶಬ್ದವನ್ನು ಹಿಡಿಯುತ್ತದೆ. ಡಾ ಎಂದರೆ ಡಾ, ಡ್ವೀ ಎಂದರೆ ಡ್ವೀ. ಸ್ವರ ಏರಿದರೆ ಗೆರೆಯ ಮೇಲೆ, ಇಳಿದರೆ ಕೆಳಗೆ. ಪ್ರತಿ ಮನೆಗೊಂದು ಓರೆ ಗೀಟು. ನಿಮಿಷಕ್ಕೆ ನೂರಿಪ್ಪತ್ತು ಪದ ಹಿಡಿಯುವ ಕೈಗೆ ಇದು ಹೊರೆಯಲ್ಲ.

ಎರಡನೆಯ ಭಾನುವಾರ ಕೈ ತಾನಾಗಿ ಒಂದು ಕೆಲಸ ಮಾಡಿತು. ಸಾಕ್ಷಿ ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದರೆ ಪೂರ್ತಿ ಬರೆಯುವ ಬದಲು ಹಾಕುವ ಗುರುತೊಂದಿದೆ: ಪುಟ್ಟ ಕೊಕ್ಕೆ, ಕೆಳಗೊಂದು ಚುಕ್ಕೆ. ಅರ್ಥ, 'ಹಿಂದಿನಂತೆಯೇ'. ಮೇಷ್ಟ್ರ ಮೂರನೆಯ ಸುತ್ತಿನಲ್ಲಿ, ಒಂಬತ್ತರಿಂದ ಹನ್ನೆರಡರವರೆಗಿನ ಮನೆಗಳಲ್ಲಿ, ಅಂದರೆ ಉತ್ತರ ಬರಬೇಕಾದ ಜಾಗದಲ್ಲಿ, ಪೆನ್ಸಿಲ್ ಆ ಕೊಕ್ಕೆ ಎಳೆದಿತ್ತು. ಮೂರನೆಯ ಭಾನುವಾರವೂ ಅಲ್ಲೇ. ನಾಲ್ಕನೆಯದು, ಐದನೆಯದು, ಆರನೆಯದು. ಉಳಿದೆಲ್ಲ ಕಡೆ ಮೇಷ್ಟ್ರು ಗಾಳಿಯಂತೆ; ಆ ನಾಲ್ಕು ಮನೆ ಮಾತ್ರ ಕಲ್ಲಿನಲ್ಲಿ ಕೆತ್ತಿದಂತೆ, ಉಸಿರು ತೆಗೆದುಕೊಳ್ಳುವ ಜಾಗವೂ ಸೇರಿ. ಆಕೆ ಅಂಚಿನಲ್ಲಿ ಬರೆದಳು: ಕಲಿತು ಬಂದ ಸಾಕ್ಷಿ.

ತನ್ನ ಅಳತೆಗೋಲೇ ಸುಳ್ಳಿರಬಹುದೆಂದು ಮನೆಯಲ್ಲೊಂದು ಪರೀಕ್ಷೆಯನ್ನೂ ಮಾಡಿದಳು. ಅತ್ತೆ ಮದುವೆಯಾದ ಹೊಸದರಲ್ಲಿ ಒಬ್ಬರೇ ರೈಲಿನಲ್ಲಿ ಗಂಡನ ಮನೆಗೆ ಬರುತ್ತಾ ನಿದ್ದೆಹೋಗಿ, ಇಳಿಯುವ ನಿಲ್ದಾಣ ದಾಟಿ ಹೋದ ಕತೆಯನ್ನು ಈ ಮನೆ ನೂರು ಸಲ ಕೇಳಿದೆ. ಆಕೆ ಎರಡು ಸಂಜೆ ಅದನ್ನು ಹೇಳಿಸಿ ಬರೆದುಕೊಂಡಳು. ಮೊದಲ ದಿನ ಟಿಕೆಟ್ ಪರೀಕ್ಷಕ ದಪ್ಪಗಿದ್ದ, ಮರುದಿನ "ಕಡ್ಡಿ, ಕೋಟಿನೊಳಗೆ ಮನುಷ್ಯನೇ ಇಲ್ಲ." ಒಂದು ದಿನ ವಾಪಸ್ಸು ಬಂದದ್ದು ಹಾಲಿನ ವ್ಯಾನಿನಲ್ಲಿ, ಇನ್ನೊಂದು ದಿನ ಅಂಚೆಯ ವ್ಯಾನಿನಲ್ಲಿ. ಬದಲಾಗದ್ದು ಮೂರೇ: ನಿದ್ದೆ ಬಂದದ್ದು, ಒಂದು ಕಾಲಿನ ಚಪ್ಪಲಿ ಕಳೆದದ್ದು, ಬಾಗಿಲಲ್ಲಿ ನಿಂತ ಮಾವ "ಇನ್ನೊಂದೆಲ್ಲಿ?" ಎಂದದ್ದು.

"ಯಾಕೆ ಬರ್ಕೊಳ್ತಿದ್ದೀಯ? ನನ್ನ ಮೇಲೆ ಕೇಸ್ ಹಾಕ್ತೀಯೇನೇ?"

"ಇಲ್ಲ ಅತ್ತೆ. ನೀವು ನಿಜ ಹೇಳ್ತೀರಾ ಅಂತ ನೋಡ್ತಿದ್ದೆ."

"ಹೇಳ್ತೀನಾ?"

"ವ್ಯಾನು ಗೊತ್ತಿಲ್ಲ. ಚಪ್ಪಲಿ ಮಾತ್ರ ನಿಜ."

ಅಳತೆಗೋಲು ಸರಿಯಾಗಿತ್ತು. ಹಾಗಾದರೆ ಮೇಷ್ಟ್ರದ್ದೇ ಮೋಸ.

ಆರನೆಯ ಭಾನುವಾರ, ಅಭ್ಯಾಸ ಶುರುವಾಗುವ ಮೊದಲು, ಮೆಟ್ಟಿಲ ಮೇಲೆ ಬೇಸಣ್ಣನನ್ನು ತಡೆದು ಕೇಳಿದಳು. "ಮೇಷ್ಟ್ರು ಮೂರನೇ ಸುತ್ತು ಬಾಯಿಪಾಠ ಮಾಡಿರ್ತಾರಾ?"

ಬೇಸಣ್ಣ ಬೇಸನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಹಿಂದೆ ನೋಡಿ, ಮುಂದೆ ನೋಡಿ ಹೇಳಿದ: "ಅಕ್ಕ, ನಾನು ಹಿಂದೆ ನಿಲ್ಲೋನು. ನನಗೆ ಕಾಣೋದು ಎಲ್ಲರ ಬೆನ್ನು."

"ಅಂಗಡಿಯಲ್ಲಿ ಮುಖಾನೂ ಕಾಣುತ್ತಲ್ಲ."

"ಅಂಗಡಿಯಲ್ಲಿ ಕಂಡದ್ದನ್ನ ಮೆಟ್ಟಿಲ ಮೇಲೆ ಹೇಳಿದರೆ ನಾಳೆ ನನ್ನ ಕುರ್ಚಿ ಮೇಲೆ ಯಾರು ಕೂರ್ತಾರೆ?" ಅವನು ಬೇಸನ್ನು ಎತ್ತಿಕೊಂಡು ಮಹಡಿ ಹತ್ತಿದ. ಏನೋ ಇದೆ ಎಂದು ಆಕೆಗೆ ಅಲ್ಲೇ ಖಾತ್ರಿಯಾಯಿತು. ಏನೂ ಇಲ್ಲದವನು ಇಷ್ಟು ಅಚ್ಚುಕಟ್ಟಾಗಿ ಮಾತು ತೇಲಿಸುವುದಿಲ್ಲ.

ಅಂದೇ, ಅಭ್ಯಾಸ ಮುಗಿದ ಮೇಲೆ, ಟಿಪ್ಪಣಿ ಪುಸ್ತಕ ಕಾಣೆಯಾಯಿತು. ಕುರ್ಚಿಯ ಮೇಲಿಟ್ಟು ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ಇರಲಿಲ್ಲ. ಎಲ್ಲರನ್ನೂ ಕೇಳಿದಳು. ಡ್ರೈವಿಂಗ್ ಮೇಡಂ ಕೀಬೋರ್ಡಿನ ಕೆಳಗೆ ಬಗ್ಗಿ ಹುಡುಕಿದರು, ಬೇಸಣ್ಣ ಬೇಸಿನ ಹೊಟ್ಟೆಯ ಕಿಂಡಿಯೊಳಗೆ ಇಣುಕಿದ, ಮೇಷ್ಟ್ರು ಹುಡುಕಲಿಲ್ಲ, "ಅಂಥಾದ್ದೇನಿತ್ತು ಅದರಲ್ಲಿ?" ಎಂದು ಮಾತ್ರ ಕೇಳಿದರು.

ನಾಲ್ಕು ದಿನ ಕಳೆದು ಮಧ್ಯಾಹ್ನದ ವಿರಾಮದಲ್ಲಿ ನ್ಯಾಯಾಲಯದ ಕಚೇರಿಗೆ ಫೋನು ಬಂತು. ಮೂವತ್ತು ವರ್ಷದ ಹಿಂದೆ ಆಕೆಗೆ ಶೀಘ್ರಲಿಪಿ ಕಲಿಸಿದ ಟೈಪಿಂಗ್ ಮಾಸ್ಟರು.

"ಏನಮ್ಮಾ, ನಿನ್ನ ಬರವಣಿಗೆ ಇಷ್ಟು ಹಾಳಾಗಿದೆ?"

"ಯಾಕೆ ಸರ್?"

"ಕನ್ನಡಕದ ಅಂಗಡಿಯೋರು ನಿನ್ನ ಪುಸ್ತಕ ತಂದಿದ್ದರು. ಮೀಟಿಂಗಿನ ಟಿಪ್ಪಣಿ, ಓದಿ ಹೇಳಿ ಅಂದ್ರು. ನಿನ್ನ ಕೈ ಅಂತ ಕಂಡ ಕೂಡಲೇ ಗೊತ್ತಾಯ್ತು. ಓದಿದೆ. 'ಡಾ ಬ ಡ್ವೀ, ಡಾ ಬ ಡ್ವೀ, ಊ ವಾ'. ಯಾವ ಮೀಟಿಂಗಮ್ಮ ಅದು? ಎಲ್ಲರೂ ಚಿಕ್ಕ ಮಕ್ಕಳಾ?"

ಆಕೆ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಪೂರ್ತಿ ಓದಿದ್ರಾ?"

"ಕೆಲಸ ಅಂದರೆ ಪೂರ್ತಿ ಅಲ್ವಾ? ನಲವತ್ತು ಪುಟ. ಅವರು ಎದುರಿಗೆ ಕೂತು ಕಣ್ಣು ಮುಚ್ಚಿಕೊಂಡು ಕೇಳಿದ್ರು. ಒಂದು ಕಡೆ ನಿಲ್ಲಿಸಿ, ಈ ಕೊಕ್ಕೆ ಏನು ಅಂದ್ರು. 'ಹಿಂದಿನಂತೆಯೇ' ಅಂದೆ. ಎಷ್ಟು ಸಲ ಇದೆ ಅಂದ್ರು. ಎಣಿಸಿದೆ, ಐದು. ಒಂದೇ ಜಾಗದಲ್ಲಾ ಅಂದ್ರು. ಹೌದು ಅಂದೆ. ಆಮೇಲೆ ಅಂಚಿನಲ್ಲಿ ಬರೆದದ್ದನ್ನೂ ಓದಿದೆ."

"ಅದನ್ನೂ ಓದಿದ್ರಾ ಸರ್?"

"'ಕಲಿತು ಬಂದ ಸಾಕ್ಷಿ' ಅಂತ. ಪುಸ್ತಕದಲ್ಲಿ ಅರ್ಥ ಆಗೋ ಮಾತು ಅದೊಂದೇ ಇತ್ತು. ಗಟ್ಟಿಯಾಗಿ ಓದಿದೆ."

ಮೇಷ್ಟ್ರು ಪುಸ್ತಕ ತೆಗೆದುಕೊಂಡು, ಥ್ಯಾಂಕ್ಸ್ ಕೂಡ ಹೇಳದೆ, ಮೆಟ್ಟಿಲಿಳಿದು ಹೋದರಂತೆ.

ಶನಿವಾರ ಆಕೆ ಕನ್ನಡಕದ ಅಂಗಡಿಗೆ ಹೋದಳು. ನೆಪಕ್ಕೆ ಅತ್ತೆಯ ಕನ್ನಡಕ ತಂದಿದ್ದಳು, ಒಂದು ಕಡ್ಡಿ ಸಡಿಲ. ಮೇಷ್ಟ್ರು ಸಣ್ಣ ಸ್ಕ್ರೂಡ್ರೈವರ್ ತಿರುಗಿಸುತ್ತ, ತಲೆ ಎತ್ತದೆ ಮಾತಾಡಿದರು. ಗಾಜಿನ ಮೇಜಿನ ಮೇಲೆ, ಇಬ್ಬರ ನಡುವೆ, ಆಕೆಯ ಪುಸ್ತಕ.

"ಬೇಸಣ್ಣ ಹೇಳಿ ಬರೆಸಿದ್ನಾ?"

"ಬೇಸಣ್ಣ ಯಾಕೆ ಹೇಳ್ತಾನೆ?"

"ನಾನು ಇಳಿದರೆ ತಂಡ ಅವನದ್ದು. ನೀವಿಬ್ಬರೂ ಮೆಟ್ಟಿಲ ಮೇಲೆ ಗುಸುಗುಸು ಮಾಡಿದ್ದು ಕಂಡಿದ್ದೀನಿ."

"ಮೇಷ್ಟ್ರೇ, ನನ್ನನ್ನ ಬರ್ಕೊಂಡು ಬಂದವಳು ಅಂದ್ರಿ. ನೀವು ಬರ್ಕೊಳ್ಳದೆ ಬಂದವರಾ ಅಂತ ನೋಡಿದೆ. ಅಷ್ಟೇ."

"ನೋಡಿದಿರಲ್ಲ. ಏನು ಕಂಡಿತು?"

"ಒಂದೇ ಉತ್ತರ. ಆರು ವಾರ."

ಮೇಷ್ಟ್ರು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು. "ನನಗೆ ಗೊತ್ತಿರಲಿಲ್ಲ," ಎಂದರು. ಮರುಕ್ಷಣವೇ, ಹೇಳಬಾರದ್ದನ್ನು ಹೇಳಿಬಿಟ್ಟವರಂತೆ ದನಿ ಬಿಗಿ ಮಾಡಿದರು. "ಬೇರೆಯವರ ಪುಸ್ತಕ ತೆಗೆದದ್ದು ನನ್ನ ತಪ್ಪು. ಆದರೆ ಗ್ರಂಥಾಲಯದಲ್ಲಿ ನಿಮಗೆ ಒಂದು ಮನೆಯೂ ಇಲ್ಲ. ರಿಫ್ ಊದಿ. ಪುಸ್ತಕ ತರಬೇಡಿ."

ಗೊತ್ತಿರಲಿಲ್ಲ ಎಂಬ ಮಾತನ್ನು ಆಕೆ ದಾರಿಯುದ್ದಕ್ಕೂ ತೂಗಿ ನೋಡಿದಳು. ಕಟಕಟೆಯಲ್ಲಿ ನಿಂತವರೆಲ್ಲ ಹೇಳುವ ಮಾತೇ ಅದು. ಆದರೂ ಹೇಳುವಾಗ ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತಿರುಗುವುದನ್ನು ನಿಲ್ಲಿಸಿತ್ತು. ಅದನ್ನು ಯಾವ ಗುರುತಿನಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ಗ್ರಂಥಾಲಯದ ಸಂಗೀತ ಕಛೇರಿಗೆ ಮೂರು ದಿನವಿರುವಾಗ ಬೇಸಣ್ಣ ತಾನಾಗಿ ನ್ಯಾಯಾಲಯದ ಹೊರಗೆ ಬಂದು ನಿಂತಿದ್ದ. ಮೇಷ್ಟ್ರು ಅವನ ಅಂಗಡಿಯಲ್ಲೂ ಜಗಳವಾಡಿದ್ದರು. ಅರ್ಧ ಕ್ಷೌರಕ್ಕೇ ಎದ್ದು ಹೋಗಿದ್ದರು, ಒಂದು ಕೆನ್ನೆಯಲ್ಲಿ ಸೋಪಿನ ನೊರೆಯೊಂದಿಗೆ.

"ಅಕ್ಕ, ಈಗ ಹೇಳಿಬಿಡ್ತೀನಿ, ಕುರ್ಚಿ ಹೇಗೂ ಖಾಲಿ ಆಯ್ತು. ಮೀಸೆ ಕತ್ತರಿಸುವಾಗ ನೋಡಿದ್ದೀನಿ. ಮೇಲಿನ ಮುಂದಿನ ನಾಲ್ಕು ಹಲ್ಲು ಕಟ್ಟಿಸಿದ್ದು. ಸಡಿಲ ಆಗಿವೆ. ಸ್ಯಾಕ್ಸೋಫೋನು ನಿಲ್ಲೋದೇ ಆ ಹಲ್ಲಿನ ಆಧಾರದ ಮೇಲೆ. ಎರಡು ಸುತ್ತು ತಡೀತವೆ. ಮೂರನೇದರ ಕೊನೆಗೆ ನೋವು ಶುರು. ಆಗ ಎತ್ತರಕ್ಕೆ ಹೋಗಲ್ಲ, ಕೆಳಗಿನ ಸುಲಭದ ದಾರಿ ಹಿಡೀತಾರೆ. ನಾನು ವರ್ಷದಿಂದ ಕೇಳ್ತಿದ್ದೀನಿ."

"ಅವರಿಗೆ ಯಾಕೆ ಹೇಳಲಿಲ್ಲ?"

"ಹೇಳಿದರೆ, ಜಾಗ ಬಿಡಿಸೋಕೆ ಹೇಳ್ತಿದ್ದಾನೆ ಅಂತಾರೆ. ಹೇಳದೆಯೂ ಹಾಗೇ ಅಂದರು."

ಸಮಂಜಸವಾಗಿತ್ತು. ಸಮಂಜಸವಾಗಿದ್ದದ್ದರಿಂದಲೇ ಆಕೆ ಪೂರ್ತಿ ನಂಬಲಿಲ್ಲ. ತಂಡದ ಮೇಲೆ ಬೇಸಣ್ಣನಿಗೆ ಕಣ್ಣಿಲ್ಲವೆಂದು ಅವನೊಬ್ಬನನ್ನು ಬಿಟ್ಟು ಇನ್ನಾರೂ ಹೇಳಿರಲಿಲ್ಲ. ಆದರೆ ಮೇಷ್ಟ್ರ ಕರವಸ್ತ್ರ ನೆನಪಾಯಿತು. ಪ್ರತಿ ಸಲ ನುಡಿಸಿ ಮುಗಿಸಿದ ಕೂಡಲೇ ಬಾಯಿಗೆ ಹೋಗುತ್ತಿದ್ದ ಕರವಸ್ತ್ರ.

ಗ್ರಂಥಾಲಯದ ಹಿಂದಿನ ಸಭಾಂಗಣದಲ್ಲಿ ಎಂಬತ್ತು ಕುರ್ಚಿ, ಅರವತ್ತು ಜನ. ಎರಡನೆಯ ಸಾಲಿನಲ್ಲಿ ಅತ್ತೆ, ಕನ್ನಡಕ ಒರೆಸಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕುಳಿತಿದ್ದರು. ಪುಸ್ತಕ ತರಬೇಡಿ ಎಂದಿದ್ದರೂ ಆಕೆ ಚೀಲದಲ್ಲಿ ತಂದಿದ್ದಳು. ತೆಗೆಯುವ ಧೈರ್ಯ ಬರಲಿಲ್ಲ. ಮೇಷ್ಟ್ರು ಯಾರೊಡನೆಯೂ ಮಾತಾಡದೆ, ನಾಲಿಗೆಯಿಂದ ಮೇಲಿನ ಹಲ್ಲುಗಳನ್ನು ಒತ್ತಿ ನೋಡಿಕೊಳ್ಳುತ್ತಿದ್ದುದನ್ನು ಆಕೆ ಓರೆಗಣ್ಣಿನಲ್ಲಿ ಕಂಡಳು. ಅಥವಾ ಕಂಡೆ ಅಂದುಕೊಂಡಳು.

ಕೊನೆಯ ಹಾಡು ಆ ಬ್ಲೂಸ್. ಮೇಷ್ಟ್ರಿಗೆ ನಾಲ್ಕು ಸುತ್ತು ಎಂದು ನಿಗದಿಯಾಗಿತ್ತು. ಮೊದಲೆರಡು ಸುತ್ತು ಅವರು ನುಡಿಸಿದ ರೀತಿಗೆ ಹಿಂದಿನ ಸಾಲಿನಲ್ಲಿ ಪತ್ರಿಕೆ ಓದುತ್ತಿದ್ದವರೂ ತಲೆ ಎತ್ತಿದರು. ಆಕೆ ರಿಫ್ ಊದುತ್ತ ಎಣಿಸುತ್ತಿದ್ದಳು. ಮೂರನೆಯ ಸುತ್ತು. ಒಂದರಿಂದ ನಾಲ್ಕು, ಪ್ರಶ್ನೆ. ಐದರಿಂದ ಎಂಟು, ಅದೇ ಪ್ರಶ್ನೆ, ತಲೆಕೆಳಗಾಗಿ. ಆಕೆಯ ಕೈ ಅಭ್ಯಾಸಬಲದಿಂದ ಕೊಕ್ಕೆಗೆ ಸಿದ್ಧವಾಗಿತ್ತು, ಪೆನ್ಸಿಲ್ ಇಲ್ಲದಿದ್ದರೂ.

ಮೇಷ್ಟ್ರು ಸ್ಯಾಕ್ಸೋಫೋನನ್ನು ಬಾಯಿಂದ ತೆಗೆದರು. ಕಾಲು ಸುತ್ತು ತಿರುಗಿ ಆಕೆಯನ್ನು ನೋಡಿದರು.

ಒಂಬತ್ತನೆಯ ಮನೆ ಆಗಲೇ ಶುರುವಾಗಿತ್ತು. ಬೇಸಣ್ಣನ ಬೇಸು ಹೆಜ್ಜೆ ಹಾಕುತ್ತಿತ್ತು, ಕಾರ್ಡ್ ಬದಲಾಗಿತ್ತು, ಉತ್ತರ ಇರಬೇಕಾದಲ್ಲಿ ಬರೀ ಜಾಗ. ಆಕೆ ಬಾಯಿಪಾಠ ಮಾಡಿದ್ದ ಇಪ್ಪತ್ತನಾಲ್ಕು ಮನೆಯಲ್ಲಿ ಈ ಮನೆಯಿಂದ ಹೊರಡುವ ದಾರಿ ಇರಲಿಲ್ಲ. ಇದು ಬಲೆ ಎಂದೇ ಮೊದಲು ಅನ್ನಿಸಿತು: ಅರವತ್ತು ಜನರೆದುರು ನನ್ನನ್ನು ಕಟಕಟೆಗೆ ಹತ್ತಿಸಿದರು. ಒಂದು ತಾಳ ಹೋಯಿತು, ಎರಡು ಹೋದವು. ಎರಡನೆಯ ಸಾಲಿನಲ್ಲಿ ಅತ್ತೆಯ ಕನ್ನಡಕ ಹೊಳೆಯಿತು.

ಇನ್ನೊಂದೆಲ್ಲಿ?

ಆಕೆ ಒಂದು ಸ್ವರ ಊದಿದಳು. ತಪ್ಪು ಸ್ವರ. ಮನೆಯಿಂದ ದೂರವಿರಬೇಕಾದ ಹೊತ್ತಿನಲ್ಲಿ ಮನೆಯ ಸ್ವರ. ಕಾರ್ಡಿನ ಮೇಲೆ ಉಗುರು ಗೀಚಿದಂತೆ ಕೇಳಿಸಿತು. ನ್ಯಾಯಾಲಯದಲ್ಲಾದರೆ ತೊದಲನ್ನೂ ಬರೆಯಬೇಕು. ಆಕೆ ಅದನ್ನೇ ಮತ್ತೆ ಊದಿದಳು, ಸ್ವಲ್ಪ ಬಾಗಿಸಿ. ಮೂರನೆಯ ಸಲ ಊದುವಾಗ ಡ್ರೈವಿಂಗ್ ಮೇಡಂ ಕೆಳಗಿನಿಂದ ಕಾರ್ಡನ್ನು ಪಕ್ಕದ ಬೀದಿಗೆ ತಿರುಗಿಸಿದರು, ತಪ್ಪು ಸ್ವರದ ಕೆಳಗೆ ನೆಲ ಬಂತು. ಅಲ್ಲಿಂದ ನಾಲ್ಕೈದು ಸ್ವರ ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಇಳಿದು ಹನ್ನೆರಡನೆಯ ಮನೆಯ ಬಾಗಿಲಿಗೆ ಬಂದು ನಿಂತವು. ಏನು ಊದಿದೆನೆಂದು ಯೋಚಿಸುವಷ್ಟರಲ್ಲಿ ಮೇಷ್ಟ್ರು ನಾಲ್ಕನೆಯ ಸುತ್ತಿನ ಪ್ರಶ್ನೆ ಶುರುಮಾಡಿದ್ದರು. ಎಂಟು ಮನೆ ನುಡಿಸಿ ಮತ್ತೆ ಬಿಟ್ಟರು. ಆಕೆ ಮತ್ತೆ ಹೇಳಿದಳು. ಬೇರೆ ಥರ.

ಇಪ್ಪತ್ತನಾಲ್ಕು ಕೇಳಿದ್ದಕ್ಕೆ ಎಂಟು ಸಿಕ್ಕಿತ್ತು.

ಜನ ಎದ್ದು ಹೊರಡುವಾಗ ಆಕೆ ಮೇಷ್ಟ್ರ ಬಳಿ ಹೋದಳು. ಅವರು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಪೆಟ್ಟಿಗೆ ಮುಚ್ಚುತ್ತಿದ್ದರು.

"ಯಾಕೆ ಬಿಟ್ಟಿರಿ?"

"ಉತ್ತರ ಮರೆತುಹೋಯ್ತು."

"ಎರಡು ಸಲವೂ?"

"ಒಂದೇ ಥರ ಎರಡು ಸಲ ಮರೆತರೆ ನಂಬಬಾರದು, ಅಲ್ವಾ ಸ್ಟೆನೋಮ್ಮ?" ಕರವಸ್ತ್ರದ ಹಿಂದೆ ಅವರು ನಕ್ಕರೋ ನೋವಿಗೆ ಮುಖ ಕಿವುಚಿದರೋ ತಿಳಿಯಲಿಲ್ಲ.

ಬೇಸಣ್ಣ ಅದು ಹಲ್ಲೇ ಎಂದ. ನಡುವೆ ಅಲ್ಲಾಡಿದ್ದು ತನಗೆ ಬೆನ್ನಿನಿಂದಲೇ ಗೊತ್ತಾಯಿತಂತೆ. ಡ್ರೈವಿಂಗ್ ಮೇಡಂ, "ಅವರು ಬೆಳಿಗ್ಗೆಯೇ ನನಗೆ ಹೇಳಿದ್ದರು, ಆಕೆ ಏನೇ ಊದಲಿ, ಕೆಳಗೆ ಹಿಡ್ಕೊಳ್ಳಿ ಅಂತ," ಎಂದರು. ಸ್ವಲ್ಪ ಯೋಚಿಸಿ, "ಅಥವಾ ಹೋದ ವಾರ ಹೇಳಿದ್ರೋ ಏನೋ," ಎಂದರು. ಮೂರು ಸಾಕ್ಷಿ, ಮೂರು ಹೇಳಿಕೆ. ಎಲ್ಲರನ್ನೂ ನಂಬಬಹುದಿತ್ತು, ಯಾರನ್ನೂ ನಂಬದಿರಬಹುದಿತ್ತು. ಆಕೆ ಯಾವುದನ್ನೂ ಬರೆದುಕೊಳ್ಳಲಿಲ್ಲ.

ಬರೆಯಬೇಕೆನ್ನಿಸಿದ್ದು ಬೇರೆಯದು. ಬಸ್ಸಿನಲ್ಲಿ ಪುಸ್ತಕ ತೆಗೆದು ಓರೆ ಗೀಟುಗಳನ್ನು ಎಳೆದಳು, ಹನ್ನೆರಡು. ಎಂಟರವರೆಗೆ ಮೇಷ್ಟ್ರ ಪ್ರಶ್ನೆಗಳು ನೆನಪಿನಿಂದ ಇಳಿದವು. ಒಂಬತ್ತಕ್ಕೆ ಪೆನ್ಸಿಲ್ ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ಹೇಳಿದವಳು ತಾನಾಗಿದ್ದಳು, ಬರೆದುಕೊಳ್ಳಲು ಯಾರೂ ಇರಲಿಲ್ಲ.

"ಅತ್ತೆ, ನಾನು ಏನು ಊದಿದೆ?"

"ಪೆಂ, ಪೆಂ, ಪ್ಯಾಂ," ಎಂದರು ಅತ್ತೆ ತಡಮಾಡದೆ, ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಆಮೇಲೆ ಮೆಟ್ಟಿಲಿಂದ ಡಬ್ಬ ಬಿದ್ದ ಹಾಗೆ ಲೊಡಲೊಡ ಲೊಡ. ಚೆನ್ನಾಗಿತ್ತು." ಆಕೆ ಬರೆದುಕೊಂಡಳು.

ಮನೆಯಲ್ಲಿ ಅತ್ತೆ ತಮ್ಮ ಮಗನಿಗೆ ವರದಿ ಒಪ್ಪಿಸುವಾಗ ಅದು "ಪೆಂ, ಪ್ಯಾಂ, ಪ್ಯಾಂ" ಆಗಿತ್ತು. ಡಬ್ಬ ಬೀಳಲಿಲ್ಲ, ಕೋಳಿ ಗೋಡೆಯಿಂದ ಹಾರಿತು. ಜೊತೆಗೆ ಹೊಸದೊಂದು ಸೇರಿತು: "ಆ ಕನ್ನಡಕದೋನು ಇದ್ದಾನಲ್ಲ, ಇವಳು ಊದುವಾಗ ಹಲ್ಲು ಬಿಚ್ಚಿ ಜೇಬಿಗೆ ಹಾಕ್ಕೊಂಡ. ನಾನು ಕಣ್ಣಾರೆ ಕಂಡೆ."

ಬೆಳಿಗ್ಗೆ ಆಕೆ ಮತ್ತೆ ಕೇಳಿದಳು.

"ಹಲ್ಲಾ? ನಾನೆಲ್ಲಿ ಹೇಳಿದೆ ಹಲ್ಲು ಅಂತ? ಕರವಸ್ತ್ರ ಅಂದಿದ್ದೆ." ಅತ್ತೆ ಲೋಟ ಕೆಳಗಿಟ್ಟರು. "ನೀನು ಊದಿದ್ದು ಬೇಕೋ, ಅವನ ಹಲ್ಲು ಬೇಕೋ?"

"ಊದಿದ್ದು."

"ಪೆಂ," ಎಂದು ಶುರುಮಾಡಿದರು ಅತ್ತೆ, ಈ ಸಲ ಇನ್ನೂ ನಿಧಾನವಾಗಿ. ಆಕೆ ಮೂರು ಹೇಳಿಕೆಗಳನ್ನೂ ಒಂದರ ಕೆಳಗೊಂದು ಬರೆದು ಹೋಲಿಸಿ ನೋಡಿದಳು. ಕೊಕ್ಕೆ ಹಾಕುವಂಥದ್ದು ಎಲ್ಲೂ ಇರಲಿಲ್ಲ. ಮೂರರಲ್ಲೂ ಬದಲಾಗದೆ ನಿಂತದ್ದು ಮೊದಲನೆಯ ಪೆಂ ಒಂದೇ, ಆ ತಪ್ಪು ಸ್ವರ.

"ಇನ್ನೊಂದು ಸಲ ಹೇಳಲಾ?"

ಕೋರ್ಟಿಗೆ ಹೊತ್ತಾಗುತ್ತಿತ್ತು. ಆಕೆ ಪೆನ್ಸಿಲ್ ಹರಿತ ಮಾಡಿಕೊಂಡು ಕುಳಿತಳು. "ಹೇಳಿ, ಅತ್ತೆ."